ಹಳೇಬೀಡಿನ ಗೋಡೆ ಕೇಳುವ ಪ್ರಶ್ನೆ: ಎಷ್ಟು ಮೆಗಾಪಿಕ್ಸೆಲ್ ಸಾಕು?

ಹಾಸನದಿಂದ ಹಳೇಬೀಡಿಗೆ ಮೂವತ್ತು ಚಿಲ್ಲರೆ ಕಿಲೋಮೀಟರ್. ವೀಕೆಂಡ್‌ಗೆ ಹೊರಡೋ ನಮ್ಮಂಥವರು ಹೊಯ್ಸಳೇಶ್ವರ ದೇವಸ್ಥಾನದ ಮುಂದೆ ಮೊದಲು ಮಾಡೋ ಕೆಲಸ ಜೇಬಿನಿಂದ ಫೋನ್ ತೆಗೆಯೋದು. 12ನೇ ಶತಮಾನದ ಈ ಗುಡಿ 2023ರಲ್ಲಿ ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿ ಸೇರಿತು. ಇದರ ಹೊರಗೋಡೆಗಿಂತ ಕಠಿಣವಾದ ಕ್ಯಾಮೆರಾ ಪರೀಕ್ಷೆ ನಾನಂತೂ ನೋಡಿಲ್ಲ.

ತಳದಲ್ಲಿ ಆನೆಗಳ ಸಾಲು. ಮೇಲೆ ಹೋದಂತೆ ಬಳ್ಳಿ, ಕುದುರೆ, ರಾಮಾಯಣ-ಮಹಾಭಾರತದ ಕಥೆಗಳು. ಅದರ ಮೇಲೆ ದೊಡ್ಡ ವಿಗ್ರಹಗಳು. ಬಳಪದ ಕಲ್ಲು ಮೆದು, ಹಾಗಾಗಿ ಸರದ ಒಂದೊಂದು ಮಣಿಯನ್ನೂ ಬಿಡಿಸಿ ಕೆತ್ತಿದ್ದಾರೆ. ಕೆಲವು ವಿಗ್ರಹಗಳ ಕೆಳಗೆ ಶಿಲ್ಪಿಯ ಹೆಸರೂ ಇದೆ, ಹಳೆಯ ಕನ್ನಡ ಲಿಪಿಯಲ್ಲಿ, ಪುಟ್ಟ ಅಕ್ಷರಗಳಲ್ಲಿ.

ಆ ಅಕ್ಷರಗಳನ್ನೇ ಪರೀಕ್ಷೆಗೆ ಇಟ್ಟುಕೊಂಡೆವು. ನನ್ನದು 50 ಮೆಗಾಪಿಕ್ಸೆಲ್ ಫೋನ್. ಗೆಳೆಯನದು 16 ಮೆಗಾಪಿಕ್ಸೆಲ್‌ನ ಹಳೇ ಡಿಎಸ್‌ಎಲ್‌ಆರ್, 50 ಎಂಎಂ ಲೆನ್ಸ್. ಇಬ್ಬರೂ ಒಂದೇ ಜಾಗದಲ್ಲಿ, ಗೋಡೆಯಿಂದ ನಾಲ್ಕು ಹೆಜ್ಜೆ ದೂರ ನಿಂತೆವು. ನಾನು ಬೇಕಂತಲೇ ನಾಲ್ಕು ಪಟ್ಟು ಜೂಮ್ ಮಾಡಿದೆ. ಲ್ಯಾಪ್‌ಟಾಪ್‌ನಲ್ಲಿ ಹಿಗ್ಗಿಸಿ ನೋಡಿದರೆ ಅವನ ಫೋಟೊದಲ್ಲಿ ಉಳಿಯ ಗೆರೆ ಗೆರೆಯೂ ಬೇರೆ ಬೇರೆ. ನನ್ನದರಲ್ಲಿ ಕಲ್ಲು ಮೇಣದ ಹಾಗೆ ನುಣ್ಣಗೆ. "ಲೇ, ನಿಂದು ಐವತ್ತು ಅಲ್ವೇನೋ?" ಅಂತ ಅವನು ನಕ್ಕ.

ಲೆಕ್ಕ ಸರಳ. ನನ್ನ ಫೋನಿಗೆ ಪ್ರತ್ಯೇಕ ಜೂಮ್ ಲೆನ್ಸ್ ಇಲ್ಲ. ನಾಲ್ಕು ಪಟ್ಟು ಜೂಮ್ ಅಂದರೆ ಚಿತ್ರದ ಹದಿನಾರರಲ್ಲಿ ಒಂದು ಭಾಗವನ್ನು ಕತ್ತರಿಸಿ ಹಿಗ್ಗಿಸೋದು. 50ರಲ್ಲಿ ಉಳಿಯೋದು ಸುಮಾರು 3 ಮೆಗಾಪಿಕ್ಸೆಲ್.

ಇನ್ನು ಬೆಳಕಿನ ಕಥೆ. ಎಷ್ಟೇ ಒಳ್ಳೆಯ ಲೆನ್ಸ್ ಆದರೂ ಒಂದು ಚುಕ್ಕಿ ಬೆಳಕನ್ನು ಚುಕ್ಕಿಯಾಗಿಯೇ ಮೂಡಿಸಲಾರದು, ಅದು ಪುಟ್ಟ ಬಿಲ್ಲೆಯಾಗಿ ಹರಡುತ್ತದೆ. ಎಫ್/1.8ರಲ್ಲಿ ಹಸಿರು ಬೆಳಕಿನ ಬಿಲ್ಲೆ ಸುಮಾರು 2.4 ಮೈಕ್ರಾನ್ ಅಗಲ. ನನ್ನ ಫೋನಿನಂಥ ಸೆನ್ಸರ್‌ನಲ್ಲಿ ಪಿಕ್ಸೆಲ್ ಸುಮಾರು 1 ಮೈಕ್ರಾನ್. ಅಂದರೆ ಒಂದು ಚುಕ್ಕಿ ಅಕ್ಕಪಕ್ಕದ ಪಿಕ್ಸೆಲ್‌ಗಳ ಮೇಲೂ ಚೆಲ್ಲುತ್ತದೆ. ಪಿಕ್ಸೆಲ್ ಇನ್ನಷ್ಟು ತುಂಬಿಸಿದರೆ ಹೊಸ ವಿವರ ಬರೋದು ಕಡಿಮೆ, ಫೈಲ್ ದಪ್ಪ ಆಗೋದು ಖಂಡಿತ. ಅದಕ್ಕೇ ಇಂಥ ಫೋನ್‌ಗಳು ಸಾಮಾನ್ಯವಾಗಿ ನಾಲ್ಕು ಪಿಕ್ಸೆಲ್ ಸೇರಿಸಿ ಒಂದು ಮಾಡಿ, 12 ಮೆಗಾಪಿಕ್ಸೆಲ್ ಫೋಟೊ ಕೊಡೋದು.

ಹಾಗಂತ ದೊಡ್ಡ ಕ್ಯಾಮೆರಾಗೆ ವಿನಾಯಿತಿ ಏನೂ ಇಲ್ಲ. ಅವನ ಪಿಕ್ಸೆಲ್ ಸುಮಾರು 4.8 ಮೈಕ್ರಾನ್. ಎಲ್ಲ ಫೋಕಸ್‌ನಲ್ಲಿರಲಿ ಅಂತ ಎಫ್/16ಕ್ಕೆ ಹೋದರೆ ಬಿಲ್ಲೆ 21 ಮೈಕ್ರಾನ್‌ಗೆ ಹಿಗ್ಗುತ್ತದೆ, ಮಣಿಗಳ ಅಂಚು ಮೆತ್ತಗಾಗುತ್ತದೆ. ಎಫ್/5.6, ಎಫ್/8ರ ಹತ್ತಿರ ಅದೇ ಲೆನ್ಸ್ ಚೂಪಾಗಿ ನೋಡುತ್ತದೆ. ಒಳಗೆ, ನುಣುಪಾದ ಕಂಬಗಳ ಕತ್ತಲಲ್ಲಿ, ಕೈ ಅಲುಗಾಟ ಎಲ್ಲವನ್ನೂ ಮೀರಿಸುತ್ತದೆ.

ನನ್ನ ಚಿಂತೆ ಇದಲ್ಲ. ನಾನು ಸಾಫ್ಟ್‌ವೇರ್ ಬರೆಯೋನು, ಹಾಗಾಗಿ ಸಾಫ್ಟ್‌ವೇರ್ ಮೇಲೆ ಸ್ವಲ್ಪ ಅನುಮಾನ ಜಾಸ್ತಿ. ಜೂಮ್‌ನಲ್ಲಿ ಸಿಗದ ವಿವರವನ್ನು ಈಗಿನ ಕೆಲವು ಫೋನ್‌ಗಳು ಊಹಿಸಿ ತುಂಬುತ್ತವೆ. ಹುಟ್ಟುಹಬ್ಬದ ಫೋಟೊಗೆ ನಡೆದೀತು. ಇಲ್ಲಿ ಹಾಗಲ್ಲ. ಆ ಮಣಿ ಒಬ್ಬ ಮನುಷ್ಯ ಕೂತು ಕೆತ್ತಿದ್ದು, ಆ ಅಕ್ಷರ ಅವನ ಹೆಸರು. ಮುಕ್ಕಾದ ಅಕ್ಷರವನ್ನು ಫೋನ್ ತಿದ್ದಿ ತೋರಿಸಿದರೆ ಅದು ಸುಂದರ ಚಿತ್ರ ಇರಬಹುದು, ದಾಖಲೆ ಅಲ್ಲ.

ನೀವು ಹೋದಾಗ ಒಂದಿಷ್ಟು ಮಾಡಿ ನೋಡಿ. ಲೆನ್ಸನ್ನು ಮೆತ್ತನೆ ಬಟ್ಟೆಯಲ್ಲಿ ಒರೆಸಿ, ಬೆರಳಿನ ಜಿಡ್ಡೇ ಅರ್ಧ ಮಂಜು. ಜೂಮ್ ಬಿಟ್ಟು ಎರಡು ಹೆಜ್ಜೆ ಹತ್ತಿರ ಹೋಗಿ, ಕಲ್ಲು ಮುಟ್ಟಬೇಡಿ. ಪಶ್ಚಿಮದ ಗೋಡೆಗೆ ಮಧ್ಯಾಹ್ನದ ನಂತರ ಹೋಗಿ. ಬಿಸಿಲು ಓರೆಯಾಗಿ ಬಿದ್ದು ಒಂದೊಂದು ಗೆರೆಗೂ ನೆರಳು ಸಿಗುತ್ತದೆ. ಆ ನೆರಳು ಕೊಡೋ ಸ್ಪಷ್ಟತೆಯನ್ನು ಯಾವ ಸೆನ್ಸರೂ ಕೊಡಲ್ಲ. ಹೊಸ ಫೋನಿಗೆ ಇಎಂಐ ಕಟ್ಟೋ ಮೊದಲು, ಇರೋ ಫೋನಿನಲ್ಲೇ ಒಬ್ಬ ಶಿಲ್ಪಿಯ ಹೆಸರು ಓದೋಕೆ ಆಗುತ್ತಾ ನೋಡಿ.