ಕನ್ಸೋಲ್ ಕಮಾಂಡ್

ನಾವು ಅಂದ್ರೆ ಅಣ್ಣ ತಮ್ಮ. ಸ್ಕೈರಿಮ್ ಅನ್ನೋ ಫ್ಯಾಂಟಸಿ ಗೇಮ್ ಬಂದದ್ದು 2011ರಲ್ಲಿ. ನಮ್ಮ ಕೈಗೆ ಸಿಕ್ಕಿದ್ದು ಹತ್ತನೇ ಕ್ಲಾಸ್ ಮುಗಿದ ರಜೆಯಲ್ಲಿ, ಸೆಕೆಂಡ್ ಹ್ಯಾಂಡ್ ಪಿಎಸ್4 ಜೊತೆಗೆ. ಇದ್ದದ್ದು ಒಂದೇ ಕಂಟ್ರೋಲರ್, ಒಬ್ಬ ಸತ್ತರೆ ಇನ್ನೊಬ್ಬನ ಸರದಿ. ಹಾಗೇ ಎರಡು ವರ್ಷ ಒಂದೇ ಕ್ಯಾರೆಕ್ಟರ್ ಬೆಳೆಸಿದೆವು. ಅದಕ್ಕೆ ಅಮ್ಮನ ಹೆಸರಿಟ್ಟಿದ್ದೆವು.

ವಿಂಡ್‌ಹೆಲ್ಮ್ ಊರಿನಲ್ಲಿ ಒಂದು ಕೊಲೆ ಕೇಸ್ ಬರುತ್ತೆ, 'ಬ್ಲಡ್ ಆನ್ ದಿ ಐಸ್'. ನಮ್ಮದು ಅರ್ಧಕ್ಕೇ ನಿಂತುಹೋಯ್ತು. ಮಾತಾಡಬೇಕಾದ ಅರಮನೆ ಅಧಿಕಾರಿ ಆ ಸುದ್ದಿಯನ್ನೇ ಎತ್ತಲ್ಲ. ಪಿಸಿಯಲ್ಲಾದರೆ ಟಿಲ್ಡೆ ಕೀ ಒತ್ತಿ, ಸೆಟ್‌ಸ್ಟೇಜ್ ಅಂತ ಒಂದು ಸಾಲು ಟೈಪ್ ಮಾಡಿದರೆ ಕ್ವೆಸ್ಟ್ ಮುಂದಕ್ಕೆ ಹೋಗುತ್ತೆ. ಅದಕ್ಕೆ ಕನ್ಸೋಲ್ ಕಮಾಂಡ್ ಅಂತ ಹೆಸರು. ತಮಾಷೆ ನೋಡಿ, ಕನ್ಸೋಲ್‌ನಲ್ಲಿ ಅದು ಇಲ್ಲ! ನಮಗೆ ಉಳಿದದ್ದು ಹಳೇ ಸೇವ್ ಒಂದೇ. ಹನ್ನೊಂದು ಗಂಟೆಯ ಆಟ ನೀರಿನಲ್ಲಿಟ್ಟ ಹೋಮ. ಮಾಡ್ ಹಾಕೋಣ ಅಂದ್ರೆ ಪಿಎಸ್4ನಲ್ಲಿ ಹೊರಗಿನ ಫೈಲ್ ಇರೋ ಮಾಡ್‌ಗಳಿಗೆ ಪ್ರವೇಶವೇ ಇಲ್ಲ.

ಈಗ ನಮ್ಮಲ್ಲೊಬ್ಬ ಹಾಸ್ಟೆಲ್‌ನಲ್ಲಿ, ಲ್ಯಾಪ್‌ಟಾಪ್ ಜೊತೆ. ಮಾಡ್‌ಗಳು ಬೇಕಾದಷ್ಟು (ಹಾಕಿ ಹಾಕಿ ಗೇಮೇ ಓಪನ್ ಆಗದ ದಿನಗಳೂ ಉಂಟು). ಆದರೆ ಪಿಎಸ್4ನ ಸೇವ್ ಪಿಸಿಗೆ ಬರಲ್ಲ. ಗಾಡಿಯಲ್ಲಿ ಕೈ ಕಟ್ಟಿಸಿಕೊಂಡು ಕೂತ ಖೈದಿಯಾಗಿ ಮತ್ತೆ ಮೊದಲಿಂದ ಶುರು. ಕೊಲೆ ಕೇಸ್ ಇಲ್ಲೂ ನಿಂತಿತು. ಟಿಲ್ಡೆ ಒತ್ತಿದ್ದೇ ತಡ, ಅರ್ಧ ನಿಮಿಷದಲ್ಲಿ ದಾರಿ ತೆರೀತು.

ಖುಷಿಯಿಂದ ಮನೆಗೆ ಫೋನ್ ಮಾಡಿದರೆ ಆ ಕಡೆಯಿಂದ ಒಂದೇ ಪ್ರಶ್ನೆ: "ಅಮ್ಮನ ಹೆಸರು ಇಟ್ಟಿದ್ದೀಯಾ?"

ಇಟ್ಟಿರಲಿಲ್ಲ.