ಗೆರೆ ಸರಿದಾಗ ಪೀಠ ಯಾರದು?

ಗಡಿನಾಡಿನವರಾದ ನಮಗೆ ಆಡಳಿತವೆಂದರೆ ಮೊದಲು ನೆನಪಾಗುವುದು ಒಂದು ಗೆರೆ. ಆ ಗೆರೆಯನ್ನು ನಾವು ಎಳೆದದ್ದಲ್ಲ. 1956ರ ನವೆಂಬರ 1ರಂದು ಮನೆ, ಗದ್ದೆ, ದೈವಸ್ಥಾನ, ಶಾಲೆ ಎಲ್ಲವೂ ಇದ್ದಲ್ಲೇ ಇದ್ದವು. ಮೇಲಿನವರು ಮಾತ್ರ ಬದಲಾದರು. ಅಂದಿನಿಂದ ಕಾಸರಗೋಡಿನ ಕನ್ನಡಿಗನ ಮನಸ್ಸಿನಲ್ಲಿ ಒಂದು ಪ್ರಶ್ನೆ ಉಳಿದೇ ಬಂದಿದೆ: ಎಲ್ಲೋ ದೂರದಲ್ಲಿ ಗೆರೆ ಸರಿದರೆ, ನಮ್ಮ ಊರಿನ ಒಳಗಿನ ಸಂಬಂಧಗಳೂ ಸರಿಯಬೇಕೆ?

ಈ ಪ್ರಶ್ನೆಗೆ ಉತ್ತರ ಹುಡುಕುತ್ತ ನಾನು ರೋಮಿನ ಪೋಪರ ಚರಿತ್ರೆಯವರೆಗೆ ಹೋದೆನೆಂದರೆ ನಗು ಬರಬಹುದು. ನಾನು ಕ್ರೈಸ್ತನಲ್ಲ. ಆದರೆ ಬ್ಯಾಂಕಿನ ನೌಕರಿ ನನ್ನನ್ನು ಕೆಲವು ವರ್ಷ ಮಿರಜದಲ್ಲಿ ಇರಿಸಿತು. ಅದೂ ಕನ್ನಡದ ಇನ್ನೊಂದು ಅಂಚು. ಪಟವರ್ಧನರ ಸಂಸ್ಥಾನವಾಗಿದ್ದ ಮಿರಜ 1948ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿತು, 1960ರಲ್ಲಿ ಮಹಾರಾಷ್ಟ್ರದ್ದಾಯಿತು. ಫಲಕಗಳೆಲ್ಲ ಮರಾಠಿ. ಆದರೆ ಪೇಟೆಗೆ ಬರುವ ಅಥಣಿ, ಕಾಗವಾಡದ ರೈತ ಕನ್ನಡದಲ್ಲೇ ಚೌಕಾಶಿ ಮಾಡುತ್ತಾನೆ. ಮೀರಾಸಾಹೇಬರ ದರ್ಗಾದ ಆವರಣದಲ್ಲಿ ಅಬ್ದುಲ್ ಕರೀಂ ಖಾನರ ಸಮಾಧಿ, ಅಲ್ಲಿಂದ ಅನತಿ ದೂರದಲ್ಲಿ ಸಿತಾರ ಮಾಡುವವರ ಬೀದಿ, ಊರಿನ ಇನ್ನೊಂದು ಬದಿಗೆ ವಿಲಿಯಂ ವಾನ್ಲೆಸ್ 1894ರಲ್ಲಿ ಆರಂಭಿಸಿದ ಮಿಷನ್ ಆಸ್ಪತ್ರೆ.

ನನ್ನ ನೆರೆಮನೆಯಲ್ಲಿ ಕೇರಳದಿಂದ ಬಂದು ನೆಲೆನಿಂತ ಒಬ್ಬ ದಾದಿಯ ಕುಟುಂಬವಿತ್ತು. ಸುರಿಯಾನಿ ಕ್ರೈಸ್ತರು. ನನಗೆ ತಿಳಿದಷ್ಟು ಮಲಯಾಳದಲ್ಲಿ ನಾವು ಮಾತನಾಡುತ್ತಿದ್ದೆವು; ಮಿರಜದಲ್ಲಿ ನಾವಿಬ್ಬರೂ ಪರಸ್ಥಳದವರಾದ್ದರಿಂದ ಊರಲ್ಲಿರುವ ಭಾಷೆಯ ಬಿಗುಮಾನ ಅಲ್ಲಿ ಇರಲಿಲ್ಲ. ವಾನ್ಲೆಸರ ಪ್ರೆಸ್ಬಿಟೇರಿಯನ್ ಪಂಥದಲ್ಲಿ ಬಿಷಪರೇ ಇಲ್ಲ, ಸಭೆಯವರು ಆರಿಸಿದ ಹಿರಿಯರ ಆಡಳಿತ. ಆಕೆಯ ಮನೆತನದವರಿಗಾದರೋ ಬಿಷಪನಿಲ್ಲದೆ ಸಭೆಯೇ ಇಲ್ಲ. “ನಮ್ಮ ಅಜ್ಜಂದಿರು ಬಿಷಪನಿಗಾಗಿ ಹಡಗು ಕಾದವರು” ಎಂದು ಆಕೆ ಒಮ್ಮೆ ಹೇಳಿದರು. ಆ ಮಾತು ನನ್ನನ್ನು ಪುಸ್ತಕಗಳ ಕಡೆಗೆ ತಳ್ಳಿತು.

ಅಲ್ಲಿ ನನಗೆ ಸಿಕ್ಕಿದ ಮೊದಲ ಸಂಗತಿಯೇ ಒಂದು ಗಡಿ ತಂಟೆ. ಕ್ರಿ. ಶ. 372ರ ಸುಮಾರಿಗೆ ಚಕ್ರವರ್ತಿ ವಾಲೆನ್ಸ್, ಇಂದಿನ ತುರ್ಕಿಯಲ್ಲಿರುವ ಕಪ್ಪದೋಕಿಯ ಪ್ರಾಂತವನ್ನು ಎರಡಾಗಿ ಸೀಳಿದ. ಹಳೆಯ ರಾಜಧಾನಿ ಸಿಸೇರಿಯಾದ ಬಿಷಪ ಬೆಸಿಲ್. ಹೊಸ ಪ್ರಾಂತದ ರಾಜಧಾನಿ ತ್ಯಾನಾದ ಬಿಷಪ ಆಂಥಿಮಸ್, ಪ್ರಾಂತ ಬೇರೆಯಾದ ಮೇಲೆ ಅಲ್ಲಿನ ಚರ್ಚುಗಳೂ ಕಾಣಿಕೆಯೂ ತನ್ನವೇ ಎಂದ. ಬೆಸಿಲನಿಗೆ ಬರುತ್ತಿದ್ದ ಹೇಸರಗತ್ತೆಗಳ ಸಾಲನ್ನು ದಾರಿಯಲ್ಲೇ ತಡೆಸಿದ. ಬೆಸಿಲ್ ತನ್ನ ಹಕ್ಕು ಉಳಿಸಿಕೊಳ್ಳಲು ಸಾಸಿಮಾ ಎಂಬ, ಮೂರು ದಾರಿ ಕೂಡುವ ಧೂಳಿನ ಠಾಣ್ಯಕ್ಕೆ ಆಪ್ತಮಿತ್ರ ಗ್ರೆಗರಿಯನ್ನು ಬಿಷಪನಾಗಿ ನೇಮಿಸಿದ. ಗ್ರೆಗರಿ ಆ ಹುದ್ದೆಯನ್ನು ವಹಿಸಿಕೊಳ್ಳಲೇ ಇಲ್ಲ. ತನ್ನನ್ನು ಗಡಿಕಲ್ಲಿನಂತೆ ಬಳಸಿದ ಗೆಳೆಯನ ಮೇಲಿನ ನೋವನ್ನು ಕೊನೆತನಕ ಮರೆಯಲಿಲ್ಲ. ಗಡಿಯ ಹಕ್ಕಿಗಾಗಿ ಹೋರಾಡುವ ದೊಡ್ಡವರು ಗಡಿಯಲ್ಲಿ ಬದುಕಬೇಕಾದ ಮನುಷ್ಯನನ್ನು ಕೇಳುವುದಿಲ್ಲ ಎಂಬುದು ಅಷ್ಟು ಹಳೆಯ ಮಾತು.

ಇದೇ ಪ್ರಶ್ನೆ ಸುಮಾರು 415ರಲ್ಲಿ ರೋಮಿಗೆ ಹೋಯಿತು. ಚಕ್ರವರ್ತಿ ಪ್ರಾಂತವನ್ನು ಒಡೆದರೆ ಚರ್ಚೂ ಒಡೆಯಬೇಕೆ ಎಂದು ಅಂತಿಯೋಕ್ಯದ ಬಿಷಪ ಕೇಳಿದ. ಲೌಕಿಕ ಅಗತ್ಯಗಳು ಬದಲಾದಂತೆಲ್ಲ ದೇವರ ಸಭೆ ಬದಲಾಗಬೇಕಿಲ್ಲ ಎಂಬ ಅರ್ಥದಲ್ಲಿ ಪೋಪ್ ಒಂದನೆಯ ಇನ್ನೊಸೆಂಟ್ ಉತ್ತರಿಸಿದ. ಆದರೆ 451ರ ಕಾಲ್ಸಿಡೋನ್ ಮಹಾಸಭೆಯ 17ನೆಯ ನಿಯಮ ಇನ್ನೊಂದು ದಾರಿ ಹಿಡಿಯಿತು: ಅರಸನು ಹೊಸ ನಗರ ಸ್ಥಾಪಿಸಿದರೆ ಚರ್ಚಿನ ವ್ಯವಸ್ಥೆಯೂ ಅದನ್ನು ಅನುಸರಿಸಲಿ. ಅದೇ ಸಭೆಯ 28ನೆಯ ನಿಯಮ, ರಾಜಧಾನಿಯೆಂಬ ಕಾರಣಕ್ಕೆ ಕಾನ್‌ಸ್ಟಾಂಟಿನೋಪಲಿಗೆ ರೋಮಿನ ನಂತರದ ಗೌರವ ಕೊಟ್ಟಿತು. ಪೋಪ್ ಲಿಯೋ ಇದನ್ನು ಒಪ್ಪಲಿಲ್ಲ. ಪೀಠದ ಬಲ ಅರಸನ ನಗರದಿಂದ ಬರುವುದೋ, ಪೀಠದ ಪರಂಪರೆಯಿಂದಲೋ ಎಂಬ ವಾದ ಅದು.

ನಮ್ಮ ಬೇಳದ ಇಗರ್ಜಿಯನ್ನು ನೋಡಿದವರಿಗೆ ಇದು ದೂರದ ಮಾತೆನಿಸದು. 1956ರ ಗೆರೆ ಕಾಸರಗೋಡನ್ನು ಕೇರಳಕ್ಕೆ ಕೊಟ್ಟಿತು. ಆದರೆ ಬೇಳದ ಇಗರ್ಜಿ ಇಂದಿಗೂ ಮಂಗಳೂರು ಧರ್ಮಪ್ರಾಂತದಲ್ಲೇ ಇದೆ. ನಾವು ಕಳೆದುಕೊಂಡ ಹಳೆಯ ದಕ್ಷಿಣ ಕನ್ನಡ ಜಿಲ್ಲೆ ಚರ್ಚಿನ ನಕ್ಷೆಯಲ್ಲಿ ಬದುಕಿ ಉಳಿದಿದೆ. 1967ರ ಮಹಾಜನ ವರದಿ ಚಂದ್ರಗಿರಿಯ ಉತ್ತರಕ್ಕೆ ಹೇಳಿದ ಮಾತು ಕಡತದಲ್ಲಿ ಉಳಿಯಿತು. ಇನ್ನೊಸೆಂಟನ ಮಾತು ಮಾತ್ರ, ಅವನ ಹೆಸರು ಕೇಳದವರ ಊರಿನಲ್ಲಿ ನಡೆದುಕೊಂಡು ಬಂದಿದೆ.

ಹಾಗೆಂದು ದೂರದ ಪೀಠವೆಲ್ಲ ಒಳ್ಳೆಯದೆಂದು ಅರ್ಥವಲ್ಲ. ಅದಕ್ಕೆ ಎರಡು ಮುಖ. ಅಲೆಕ್ಸಾಂಡ್ರಿಯದಿಂದ ಹೊರದೂಡಲ್ಪಟ್ಟ ಅಥನಾಸಿಯಸ್ 339ರಲ್ಲಿ ರೋಮಿಗೆ ಹೋದ. ಪೋಪ್ ಜೂಲಿಯಸ್ ಅವನನ್ನು ಎತ್ತಿಹಿಡಿದ. 343ರ ಸಾರ್ಡಿಕಾ ಸಭೆ, ಪದಚ್ಯುತನಾದ ಬಿಷಪ ರೋಮಿಗೆ ಮೇಲ್ಮನವಿ ಮಾಡಬಹುದು ಎಂದಿತು. ಊರಿನ ಬಹುಮತ ತುಳಿದಾಗ ಬಡಿಯಲು ಒಂದು ಬಾಗಿಲು ಬೇಕು. ಅಲ್ಪಸಂಖ್ಯಾತರಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಆದರೆ ಆಫ್ರಿಕದ ಸಿಕ್ಕಾ ಊರಿನ ಪಾದ್ರಿ ಅಪಿಯಾರಿಯಸ್ ತನ್ನ ಬಿಷಪನಿಂದ ಬಹಿಷ್ಕೃತನಾಗಿ ರೋಮಿಗೆ ದೂರಿದಾಗ, ಪೋಪ್ ಜೋಸಿಮಸ್ ಅವನ ಪರ ನಿಂತು ನೈಸಿಯಾ ಸಭೆಯ ನಿಯಮವೆಂದು ಒಂದನ್ನು ಮುಂದಿಟ್ಟ. ಕಾರ್ಥೇಜಿನಲ್ಲಿ 419ರಲ್ಲಿ ಕೂಡಿದ ಆಫ್ರಿಕದ ಬಿಷಪರು ಜಗಳಕ್ಕಿಳಿಯಲಿಲ್ಲ. ಕಾನ್‌ಸ್ಟಾಂಟಿನೋಪಲಿಗೂ ಅಲೆಕ್ಸಾಂಡ್ರಿಯಕ್ಕೂ ಬರೆದು ಮೂಲಪ್ರತಿ ತರಿಸಿದರು. ನೈಸಿಯಾದ ಪಟ್ಟಿಯಲ್ಲಿ ಆ ನಿಯಮವೇ ಇರಲಿಲ್ಲ, ಅದು ಸಾರ್ಡಿಕಾದ್ದು. ಮೇಲಿನಿಂದ ಬಂದ ಆಜ್ಞೆಗೆ ಗೌರವ ಕೆಡದಂತೆ ಕಾಗದ ತೋರಿಸಿ ಎಂದು ಕೇಳಿದ ಈ ಜನರನ್ನು ನಾನು ಬಹಳ ಮೆಚ್ಚಿಕೊಂಡೆ.

ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸಿದ್ದು ಪೋಪರದೇ ಮಾತುಗಳು. 428ರಲ್ಲಿ ಪೋಪ್ ಸೆಲೆಸ್ಟೈನ್, ಗಾಲ್ ದೇಶದ ಬಿಷಪರಿಗೆ ಬರೆಯುತ್ತ, ಒಲ್ಲದ ಜನರಿಗೆ ಬಿಷಪನನ್ನು ಕೊಡಬಾರದು ಎಂದ. ಲಿಯೋ 445ರಲ್ಲಿ, ಎಲ್ಲರ ಮೇಲೆ ಕೂರುವವನನ್ನು ಎಲ್ಲರೂ ಆರಿಸಬೇಕು ಎಂಬ ಭಾವದಲ್ಲಿ ಬರೆದ. ಅದೇ ವರ್ಷ ಅದೇ ಲಿಯೋ, ಆರ್ಲ್ ನಗರದ ಬಿಷಪ ಹಿಲರಿಯನ್ನು ಅಂಕೆಗೆ ತರಲು, ಪೋಪರ ತೀರ್ಪು ಪಶ್ಚಿಮಕ್ಕೆಲ್ಲ ಕಾನೂನು ಎಂಬ ರಾಜಾಜ್ಞೆಯನ್ನು ಮೂರನೆಯ ವಾಲೆಂಟಿನಿಯನನಿಂದ ಪಡೆದ. ಒಂದೇ ಕೈ ಜನರ ಒಪ್ಪಿಗೆಯನ್ನೂ ಬರೆಯಿತು, ಅಧಿಕಾರದ ಮುದ್ರೆಯನ್ನೂ ಒತ್ತಿತು. ದೊಡ್ಡ ಆಡಳಿತಗಳಲ್ಲಿ ಇವೆರಡೂ ಹೀಗೆ ಜತೆಗಿರುತ್ತವೆ. ಮೊದಲನೆಯದನ್ನು ನೆನಪಿಸುತ್ತಿರುವುದು ಕೆಳಗಿನವರ ಕೆಲಸ.

ಇನ್ನು ನೆರೆಮನೆಯವರ ಹಡಗಿನ ಕಥೆ. ಆರನೆಯ ಶತಮಾನದ ಮಧ್ಯದಲ್ಲಿ ಕಾಸ್ಮಸ್ ಎಂಬ ವರ್ತಕ, ಮೆಣಸು ಬೆಳೆಯುವ ಮಲೆ ಎಂಬಲ್ಲಿ ಕ್ರೈಸ್ತ ಸಭೆಯಿದೆ, ಕಲ್ಲಿಯಾನಾದಲ್ಲಿ ಪರ್ಶಿಯದಿಂದ ನೇಮಕವಾದ ಬಿಷಪನಿದ್ದಾನೆ ಎಂದು ಬರೆದ. ಕಲ್ಲಿಯಾನಾ ಮುಂಬಯಿ ಬಳಿಯ ಕಲ್ಯಾಣವೆಂದು ಹೆಚ್ಚಿನವರು. ಉಡುಪಿಯ ಕಲ್ಯಾಣಪುರವೆಂದು ಕೆಲವರು. ಅಂತೂ ನಮ್ಮ ಕರಾವಳಿಗೆ ಅಂದು ಮಾತು ಬರುತ್ತಿದ್ದುದು ರೋಮಿನಿಂದಲ್ಲ, ಪರ್ಶಿಯದಿಂದ. ಆ ಪರ್ಶಿಯದ ಸಭೆ 424ರಲ್ಲೇ, ನಮ್ಮ ಮುಖ್ಯಸ್ಥನ ಮೇಲೆ ಪಶ್ಚಿಮದವರಿಗೆ ದೂರು ಒಯ್ಯುವಂತಿಲ್ಲ ಎಂದು ನಿರ್ಣಯಿಸಿತ್ತು. ಏಳನೆಯ ಶತಮಾನದಲ್ಲಿ ರೇವ್ ಅರ್ದಶೀರಿನ ಮಹಾಬಿಷಪನಿಗೂ ಮುಖ್ಯಸ್ಥ ಮೂರನೆಯ ಈಶೋಯಾಬನಿಗೂ ಜಗಳವಾದಾಗ, ನಿಮ್ಮಿಂದಾಗಿ ಭಾರತದವರಿಗೆ ಬಿಷಪರಿಲ್ಲದಾಯಿತು ಎಂದು ಈಶೋಯಾಬ್ ಬರೆದ. ಮೇಲಿನಿಬ್ಬರ ಜಗಳದಲ್ಲಿ ಬಾಗಿಲು ಮುಚ್ಚಿದ್ದು ಮಲಬಾರಿನವರಿಗೆ.

ಆದರೂ ಆ ಸಭೆ ಉಳಿಯಿತು. ಹೇಗೆಂದರೆ, ಬಿಷಪ ಹೊರಗಿನವನಾದರೂ ಊರಿನ ವ್ಯವಹಾರ ನಡೆಸುವ ಅರ್ಕದಿಯಾಕೋನ ಊರಿನವನೇ. ಜಾತಿಕ್ಕು ಕರ್ತವ್ಯನ್ ಎಂಬುದು ಅವನ ಬಿರುದು. 1599ರಲ್ಲಿ ಉದಯಂಪೇರೂರಿನಲ್ಲಿ ಗೋವೆಯ ಆರ್ಚ್‌ಬಿಷಪ ಮೆನೇಜಸ್ ಈ ವ್ಯವಸ್ಥೆಯನ್ನು ಅದುಮಿದ. 1653ರಲ್ಲಿ ಮಟ್ಟಾಂಚೇರಿಯಲ್ಲಿ ಜನ ಕೂಡಿ, ಇನ್ನು ಒಲ್ಲೆವು ಎಂದು ಶಪಥ ಮಾಡಿದರು. ಸೆಲೆಸ್ಟೈನನ ಮಾತನ್ನು ರೋಮ್ ಮರೆತಾಗ ಮಲಬಾರ್ ನೆನಪಿಸಿತು.

ಕನ್ನಡ ಬಾರದ ಅಧ್ಯಾಪಕರನ್ನು ಕನ್ನಡ ಶಾಲೆಗೆ ಕಳಿಸಿದಾಗಲೆಲ್ಲ ನಮ್ಮ ಮಕ್ಕಳ ತಂದೆತಾಯಿ ಅರ್ಜಿ ಹಿಡಿದು ಹೋಗುತ್ತಾರೆ; ಕೆಲವೊಮ್ಮೆ ನ್ಯಾಯಾಲಯದವರೆಗೂ. ಇದು ಮಲಯಾಳದ ಮೇಲಿನ ದ್ವೇಷವಲ್ಲ. ಮಲಯಾಳ ಮಾತಾಡುವ ಸುರಿಯಾನಿಗಳೇ ನಮಗಿಂತ ಮೊದಲು ನಡೆದ ದಾರಿ ಅದು. ತರಗತಿಯಲ್ಲಿ ಕುಳಿತ ಮಗುವಿಗೆ ಗುರುವಿನ ಮಾತು ತಿಳಿಯಬೇಕು. ತಿಳಿಯದಿದ್ದರೆ ಬಡಿಯಲು ಒಂದು ಬಾಗಿಲಿರಬೇಕು. ಬಾಗಿಲು ಮುಚ್ಚಿದ್ದರೆ ಊರನ್ನು ನಡೆಸಲು ಊರಿನವರೇ ಸಿದ್ಧರಿರಬೇಕು. ಮೂರನೆಯದನ್ನು ನಾವು ಇನ್ನೂ ಸಾಕಷ್ಟು ಕಲಿತಿಲ್ಲವೆಂದು ನನಗನಿಸುತ್ತದೆ. ನಮ್ಮ ಅರ್ಜಿಗಳು ಚೆನ್ನಾಗಿವೆ. ಮನೆಯಲ್ಲಿ ಮಗುವಿಗೆ ಕನ್ನಡ ಓದಿಸುವ ಸಂಜೆಗಳು ಕಡಿಮೆಯಾಗುತ್ತಿವೆ.