ಕೆನಡಾದ ಕಾದಂಬರಿ, ನಮ್ಮ ಮನೆಯ ಫೋನು

ಒಂದು ದಿನ ಹಿರೇಗುತ್ತಿಯಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ನನ್ನ ಕೈಯಲ್ಲಿದ್ದ ಪುಸ್ತಕ ನೋಡಿ ಗೆಳತಿಯೊಬ್ಬಳು, "ಕೆನಡಾದ ಕಾದಂಬರಿಯಾ? ಆ ಹಿಮದ ನಾಡಿನ ಕತೆ ನಮಗ್ಯಾಕೆ ಮಾರಾಯ್ತಿ?" ಎಂದು ನಕ್ಕಳು. ಆಗ ನನಗೆ ಉತ್ತರ ಹೊಳೆಯಲಿಲ್ಲ. ಈಗ ಹೇಳುತ್ತೇನೆ.

ಆ ಪುಸ್ತಕ ಅನಿತಾ ರಾವ್ ಬಾದಾಮಿಯವರ 'ದಿ ಹೀರೋಸ್ ವಾಕ್' (2000). ಲೇಖಕಿ ಕನ್ನಡ ಮನೆಮಾತಿನ ಕುಟುಂಬದವರು. ಒಡಿಶಾದ ರೂರ್ಕೆಲಾದಲ್ಲಿ ಹುಟ್ಟಿ, 1991ರಲ್ಲಿ ಕೆನಡಾಕ್ಕೆ ಹೋದವರು. ಕತೆ ನಡೆಯುವುದು ಹಿಮದಲ್ಲಲ್ಲ, ಬಂಗಾಳ ಕೊಲ್ಲಿಯ ದಡದ ಒಂದು ಸಣ್ಣ ಊರಿನಲ್ಲಿ. ಮಗಳು ಮಾಯಾ ಕೆನಡಾದವನೊಬ್ಬನನ್ನು ಮದುವೆಯಾದಳೆಂದು ತಂದೆ ಶ್ರೀಪತಿ ರಾವ್ ಅವಳೊಂದಿಗೆ ಮಾತು ಬಿಡುತ್ತಾರೆ. ವರ್ಷಗಳು ಕಳೆಯುತ್ತವೆ. ಒಂದು ದಿನ ಫೋನು ಬರುತ್ತದೆ: ಅಪಘಾತದಲ್ಲಿ ಮಗಳೂ ಅಳಿಯನೂ ತೀರಿಕೊಂಡಿದ್ದಾರೆ. ಅವರ ಏಳು ವರ್ಷದ ಮಗಳು ನಂದನಾ ಅಜ್ಜನ ಮನೆಗೆ ಬರುತ್ತಾಳೆ. ಆ ಮಗು ಯಾರ ಬಳಿಯೂ ಮಾತೇ ಆಡುವುದಿಲ್ಲ.

ಇದು ನನ್ನನ್ನು ಯಾಕೆ ಇಷ್ಟು ಕಾಡಿತೆಂದರೆ, ನಮ್ಮ ಮನೆಯಲ್ಲೂ ಒಂದು ಮೌನವಿತ್ತು. ಅಣ್ಣ ಓದು ಅರ್ಧಕ್ಕೆ ಬಿಟ್ಟು ದುಬೈಗೆ ಹೋದ ಮೇಲೆ ಅಬ್ಬಾ ಎಂಟು ತಿಂಗಳು ಅವನ ಜೊತೆ ಮಾತಾಡಿರಲಿಲ್ಲ. ಅವನ ಫೋನು ಬಂದರೆ ಎದ್ದು ಅಂಗಳಕ್ಕೆ ಹೋಗುತ್ತಿದ್ದರು. ಒಂದು ರಾತ್ರಿ ನಾನು ಅಡುಗೆಮನೆಯಲ್ಲಿ ಅಮ್ಮಿಗೆ ಈ ಕತೆ ಹೇಳುತ್ತಿದ್ದೆ. ಜಗುಲಿಯಿಂದ ಅಬ್ಬಾ ಕೇಳಿದರು: "ಆ ಮಗು ಕೊನೆಗೆ ಮಾತಾಡ್ತಾ?" ನಾನಿನ್ನೂ ಅಷ್ಟು ಓದಿರಲಿಲ್ಲ, ಹಾಗೆಯೇ ಹೇಳಿದೆ. ಮುಂದಿನ ಶುಕ್ರವಾರ ಅಣ್ಣನ ಫೋನು ಬಂದಾಗ ಅಬ್ಬಾ ಎದ್ದು ಹೋಗಲಿಲ್ಲ. "ಅಲ್ಲಿ ಸೆಕೆ ಜಾಸ್ತಿಯಾ?" ಎಂದಷ್ಟೇ ಕೇಳಿದರು. ಅಮ್ಮಿ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಪುಸ್ತಕದಿಂದಲೇ ಹೀಗಾಯಿತೆಂದು ನಾನು ಹೇಳುವುದಿಲ್ಲ. ಆದರೆ ಆ ಪ್ರಶ್ನೆ ಪುಸ್ತಕದ್ದೇ.

ಇನ್ನೆರಡು ಹೆಸರು ಹೇಳುತ್ತೇನೆ. ಉಜ್ಮಾ ಜಲಾಲುದ್ದೀನ್ ಅವರ 'ಆಯೇಷಾ ಅಟ್ ಲಾಸ್ಟ್' (2018) ಟೊರಾಂಟೊದ ಮುಸ್ಲಿಂ ಕುಟುಂಬಗಳ ನಗುಬೆರೆತ ಕತೆ. ಅದರ ನಾಯಕಿ ಶಿಕ್ಷಕಿ, ಕವಿಯಾಗುವ ಕನಸಿನವಳು. ಓಮರ್ ಎಲ್ ಅಕ್ಕಾದ್ ಅವರ 'ವಾಟ್ ಸ್ಟ್ರೇಂಜ್ ಪ್ಯಾರಡೈಸ್' 2021ರ ಗಿಲ್ಲರ್ ಪ್ರಶಸ್ತಿ ಪಡೆದದ್ದು. ದೋಣಿ ಮುಳುಗಿ, ಅಪರಿಚಿತ ದ್ವೀಪದ ದಡಕ್ಕೆ ಬಂದುಬಿದ್ದ ಸಿರಿಯಾದ ಹುಡುಗ ಅಮೀರ್‌ನ ಕತೆ. ದೋಣಿ ಮರಳುವುದನ್ನು ಕಾಯುವ ಕಷ್ಟ ನಮ್ಮ ಕರಾವಳಿಯವರಿಗೆ ಹೇಳಿಕೊಡಬೇಕಿಲ್ಲ.

ನಮ್ಮ ಪಕ್ಕದ ಹನೇಹಳ್ಳಿಯ ಯಶವಂತ ಚಿತ್ತಾಲರು ಮುಂಬಯಿಯಲ್ಲಿದ್ದುಕೊಂಡು ಹನೇಹಳ್ಳಿಯ ಕತೆ ಬರೆದರು. ಊರು ಬಿಟ್ಟವರಿಗೆ ಊರು ಹೆಚ್ಚು ಕಾಣುತ್ತದೇನೋ. ಬಾದಾಮಿಯವರನ್ನು ಓದುವಾಗಲೂ ನನಗೆ ಹಾಗೆಯೇ ಅನಿಸಿತು.

ಇಂಗ್ಲಿಷ್ ಕಷ್ಟವೆಂದು ಹೆದರಬೇಡಿ. ನಾನು ದಿನಕ್ಕೆ ಐದೇ ಪುಟ ಓದಿದ್ದು, ಅದೂ ನಿಘಂಟು ಪಕ್ಕದಲ್ಲಿಟ್ಟುಕೊಂಡು. ನನ್ನ ಪುಸ್ತಕವನ್ನು ಕಾಲೇಜಿನ ಗ್ರಂಥಾಲಯಕ್ಕೆ ಕೊಟ್ಟಿದ್ದೇನೆ. ನಂದನಾ ಮಾತಾಡಿದಳೋ ಇಲ್ಲವೋ, ನೀವೇ ಓದಿ ತಿಳಿಯಿರಿ. ಅಬ್ಬಾರಿಗೆ ಮಾತ್ರ ನಾನು ಹೇಳಿದ್ದೇನೆ.